ದ್ರಾಸ್ ಬೆಟ್ಟದಲ್ಲಿ ಆಲೂರಿನ ಹುಡುಗ: ಯುದ್ಧದ ಕಥೆ ಬರೆಯುವವರಿಗೆ ಸಮಗ್ರ ಮಾರ್ಗದರ್ಶಿ

ಯುದ್ಧದ ಕಥೆ ಬರೆಯಲು ಕೂತವರು ಸಾಮಾನ್ಯವಾಗಿ ಭಾವದಿಂದ ಶುರು ಮಾಡುತ್ತಾರೆ. ದೇಶಪ್ರೇಮ, ತಾಯಿಯ ಕಣ್ಣೀರು, ಗೆಳೆಯನ ಸಾವು. ಹತ್ತನೇ ಸಾಲಿಗೆ ಹುಡುಗ ಒಂದೇ ಬಂದೂಕಿನಿಂದ ಇನ್ನೂರು ಗುಂಡು ಹಾರಿಸಿರುತ್ತಾನೆ, ಉಸಿರೇ ಸಿಗದ ಎತ್ತರದಲ್ಲಿ ಓಡುತ್ತಾ ಭಾಷಣ ಮಾಡಿರುತ್ತಾನೆ. ಸೇನೆಯಲ್ಲಿದ್ದು ಬಂದ ಓದುಗ ಅಲ್ಲಿಗೆ ಪುಸ್ತಕ ಮುಚ್ಚುತ್ತಾನೆ. ಬೆನ್ನ ಮೇಲಿನ ಭಾರ ಎಷ್ಟು, ಎದುರಿನ ಬಂಕರಿಗೆ ದೂರ ಎಷ್ಟು, ಬೆಳಕು ಹರಿಯಲು ಉಳಿದ ಹೊತ್ತು ಎಷ್ಟು? ಮೊದಲು ಈ ಮೂರು ಲೆಕ್ಕ ಮಾಡಿಕೊಳ್ಳಿ. ಕಥೆಯ ಬಿಗಿ ಅದರಿಂದಲೇ ಹುಟ್ಟುತ್ತದೆ.

ಇಲ್ಲಿ ಕೊನೆಯವರೆಗೂ ಒಂದೇ ಉದಾಹರಣೆ ಹಿಡಿದು ಹೋಗೋಣ. ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ, ಆಲೂಗಡ್ಡೆ ಬೆಳೆಯುವ ಮನೆಯ 20 ವರ್ಷದ ಹುಡುಗ. ಕಾಲ 1999ರ ಜೂನ್. ಜಾಗ ಕಾರ್ಗಿಲ್ ಯುದ್ಧದ ದ್ರಾಸ್ ವಲಯ.

1. ವರ್ಷ ಮತ್ತು ದಳವನ್ನು ಮೊದಲು ಗಟ್ಟಿ ಮಾಡಿ

ಕೈಯಲ್ಲಿರುವ ಬಂದೂಕಿನಿಂದ ಹಿಡಿದು ಊರಿಗೆ ಸಾವಿನ ಸುದ್ದಿ ಮುಟ್ಟುವ ಬಗೆಯವರೆಗೆ ಎಲ್ಲವನ್ನೂ ತೀರ್ಮಾನಿಸುವುದು ವರ್ಷ. 1962ರ ಅಕ್ಟೋಬರ್ 20ರಿಂದ ನವೆಂಬರ್ 21ರವರೆಗಿನ ಚೀನಾ ಯುದ್ಧದಲ್ಲಿ ಸಿಪಾಯಿಯ ಕೈಲಿದ್ದದ್ದು ಪಾಯಿಂಟ್ 303 ರೈಫಲ್. ಮ್ಯಾಗಜಿನ್‌ನಲ್ಲಿ ಹತ್ತು ಗುಂಡು, ಪ್ರತಿ ಗುಂಡಿಗೂ ಬೋಲ್ಟ್ ಎಳೆದು ತಳ್ಳಬೇಕು. 1971ರ ಡಿಸೆಂಬರ್ 3ರಿಂದ 16ರವರೆಗಿನ ಪಾಕಿಸ್ತಾನ ಯುದ್ಧದಲ್ಲಿ 7.62 ಎಂಎಂ ಎಸ್‌ಎಲ್‌ಆರ್ ರೈಫಲ್. ಕುದುರೆ ಎಳೆದಷ್ಟು ಸಲ ಒಂದೊಂದೇ ಗುಂಡು, ಮ್ಯಾಗಜಿನ್‌ಗೆ ಇಪ್ಪತ್ತು. 1999ಕ್ಕೆ 5.56 ಎಂಎಂ ಇನ್ಸಾಸ್ ರೈಫಲ್ ಬಂದಿತ್ತು. 2020ರ ಜೂನ್ 15ರಂದು ಲಡಾಖಿನ ಗಲ್ವಾನ್‌ನಲ್ಲಿ ಚೀನೀಯರ ಜೊತೆಗಿನ ಘರ್ಷಣೆಯಲ್ಲಿ ನಮ್ಮ 20 ಸೈನಿಕರು ಸತ್ತರು, ಒಂದು ಗುಂಡೂ ಹಾರಲಿಲ್ಲ. ಅಲ್ಲಿ ಆಯುಧವಾಗಿದ್ದು ಕಲ್ಲು, ದೊಣ್ಣೆ ಮತ್ತು ತಣ್ಣೀರಿನ ಹೊಳೆ.

ಸಾವಿನ ಸುದ್ದಿಯೂ ಹಾಗೆಯೇ. 1971ರವರೆಗೆ ಸಾಮಾನ್ಯವಾಗಿ ಸೈನಿಕನ ಅಂತ್ಯಕ್ರಿಯೆ ರಣರಂಗದ ಹತ್ತಿರವೇ ನಡೆಯುತ್ತಿತ್ತು, ಮನೆಗೆ ಬರುತ್ತಿದ್ದದ್ದು ತಂತಿ. ಕಾರ್ಗಿಲ್ ಹೊತ್ತಿಗೆ ತ್ರಿವರ್ಣ ಹೊದಿಸಿದ ಪೆಟ್ಟಿಗೆ ಊರಿಗೇ ಬಂತು. 1971ರ ಕಥೆಯಲ್ಲಿ ಊರಿನ ಶಾಲೆಯ ಬಯಲಿನಲ್ಲಿ ಕುಶಾಲತೋಪು ಹಾರಿಸಿದರೆ ತಿಳಿದವರು ಅಲ್ಲೇ ನಿಲ್ಲುತ್ತಾರೆ. ಆ ಕಾಲದ ತಾಯಿಗೆ ದೇಹ ಸಿಗಲಿಲ್ಲ, ಅವಳ ದುಃಖದ ಆಕಾರವೇ ಬೇರೆ.

ಇನ್ನು ದಳ. ಇಲ್ಲಿ ಎಡವುವವರೇ ಹೆಚ್ಚು. ಜೂನ್ 13ರಂದು ತೊಲೊಲಿಂಗ್ ಗೆದ್ದದ್ದು 2 ರಜಪೂತಾನಾ ರೈಫಲ್ಸ್. ಜೂನ್ 20ರಂದು ಪಾಯಿಂಟ್ 5140 ಹಿಡಿದದ್ದು 13 ಜಮ್ಮು ಕಾಶ್ಮೀರ ರೈಫಲ್ಸ್. ಜುಲೈ 4ರಂದು ಟೈಗರ್ ಹಿಲ್ ಹತ್ತಿದವರಲ್ಲಿ 18 ಗ್ರೆನೇಡಿಯರ್ಸ್ ಮತ್ತು 8 ಸಿಖ್ ಇದ್ದವು. ಈ ಪಲ್ಟನ್‌ಗಳು ಉತ್ತರದ ಕೆಲವು ಪ್ರದೇಶ, ಸಮುದಾಯಗಳಿಂದ ಹುಡುಗರನ್ನು ತೆಗೆದುಕೊಳ್ಳುವಂಥವು. ಆಲೂರಿನ ಹುಡುಗನನ್ನು ಅಲ್ಲಿ ಸಿಪಾಯಿ ಮಾಡಿದರೆ ಕಥೆ ಮೊದಲ ಹೆಜ್ಜೆಯಲ್ಲೇ ಸುಳ್ಳಾಗುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಸೇರುವುದು ಮದ್ರಾಸ್ ರೆಜಿಮೆಂಟ್, ಬೆಳಗಾವಿಯ ಮರಾಠಾ ಲಘು ಪದಾತಿ ದಳ, ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್, ಫಿರಂಗಿ ದಳ, ಸಿಗ್ನಲ್ಸ್, ಸರಬರಾಜು ದಳಗಳಿಗೆ.

ಹಾಗಾದರೆ ಅವನನ್ನು ಬೆಟ್ಟ ಹತ್ತಿಸುವುದು ಹೇಗೆ? ಫಿರಂಗಿ ದಳದಲ್ಲಿ ಅದಕ್ಕೊಂದು ಸಹಜ ದಾರಿಯಿದೆ. ಪದಾತಿ ಕಂಪನಿ ದಾಳಿಗೆ ಹೊರಟಾಗ ಫಿರಂಗಿಯವರ ಓಪಿ (ವೀಕ್ಷಣಾ ಠಾಣೆ) ತಂಡ ಜೊತೆಯಲ್ಲೇ ಹತ್ತುತ್ತದೆ. ಒಬ್ಬ ಅಧಿಕಾರಿ, ಲೆಕ್ಕ ನೋಡುವ ಒಬ್ಬ ಸಹಾಯಕ, ರೇಡಿಯೊ ಹೊರುವ ಒಬ್ಬಿಬ್ಬರು. ಎಲ್ಲಿ ಶೆಲ್ ಬೀಳಬೇಕು ಎಂದು ಹಿಂದಿರುವ ಫಿರಂಗಿಗಳಿಗೆ ಹೇಳುವುದು ಇವರ ಕೆಲಸ. ನಮ್ಮ ಹುಡುಗ ಆ ರೇಡಿಯೊ ಆಪರೇಟರ್ ಆಗಲಿ. ಅವನು ಗುಂಡಿನ ಮಳೆಯೊಳಗೇ ಇರುತ್ತಾನೆ, ಸುತ್ತಲಿನವರು ಬೇರೆ ಭಾಷೆಯವರು, ತಂಡದೊಳಗೇ ಅವನು ಹೊರಗಿನವನು. ಕಥೆಗೆ ಇದಕ್ಕಿಂತ ಒಳ್ಳೆಯ ನೆಲೆ ಸಿಗುವುದು ಕಷ್ಟ.

ನಿಜವಾದ ಪಲ್ಟನ್ ಗೆದ್ದ ಬೆಟ್ಟವನ್ನು ನಿಮ್ಮ ಕಲ್ಪನೆಯ ಹುಡುಗನಿಗೆ ಕೊಡಬೇಡಿ. ಅಲ್ಲಿ ಸತ್ತವರ ಮನೆಗಳು ಇನ್ನೂ ಇವೆ. ಸೇನೆ ಹೆಸರಿಲ್ಲದ ಶಿಖರಗಳನ್ನು ಎತ್ತರದ ಮೀಟರ್ ಲೆಕ್ಕದಿಂದಲೇ ಕರೆಯುತ್ತದೆ. ಪಾಯಿಂಟ್ 4875 ಎಂದರೆ 4,875 ಮೀಟರ್ ಎತ್ತರದ್ದು. ಅದೇ ರೀತಿಯಲ್ಲಿ 4,700 ಮೀಟರ್ ಆಸುಪಾಸಿನ ಒಂದು ಸಂಖ್ಯೆ ನೀವೇ ಇಡಿ. ಪಲ್ಟನ್ ಹೆಸರು ಹೇಳದೆ ‘ಕಂಪನಿ’ ಎಂದಷ್ಟೇ ಹೇಳಿದರೂ ಸಾಕು.

ಅಳತೆಗಳು ನೆನಪಿರಲಿ: ಸೆಕ್ಷನ್ ಎಂದರೆ ಸುಮಾರು ಹತ್ತು ಜನ, ಮೇಲೊಬ್ಬ ಹವಾಲ್ದಾರ್. ಮೂರು ಸೆಕ್ಷನ್ ಸೇರಿದರೆ ಪ್ಲಟೂನ್. ಸುಮಾರು 120 ಜನರ ಕಂಪನಿಗೆ ಮೇಜರ್, 800ರಷ್ಟು ಜನರ ಪಲ್ಟನ್‌ಗೆ ಕರ್ನಲ್. ಇಪ್ಪತ್ತರ ಹುಡುಗನ ಜಗತ್ತು ಹವಾಲ್ದಾರನ ದನಿಯವರೆಗೆ ಮಾತ್ರ. ಕರ್ನಲ್ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ಯುದ್ಧದ ಯೋಜನೆ ವಿವರಿಸುವುದಿಲ್ಲ.

2. ಊರಿನಿಂದ ಮುಂಚೂಣಿಗೆ

ಮೇ ತಿಂಗಳಲ್ಲಿ ಅವನನ್ನು ರಜೆಯ ಮೇಲೆ ಊರಿನಲ್ಲಿಡಿ. ಹಾಸನದ ಎಪಿಎಂಸಿಯಿಂದ ಬಿತ್ತನೆ ಆಲೂಗಡ್ಡೆ ತಂದು ಮುಂಗಾರಿಗೆ ಕಾಯುವ ಹೊತ್ತದು. ರಜೆ ರದ್ದಾಗಿದೆ, ಕೂಡಲೇ ಹೊರಡು ಎಂಬ ತಂತಿ ಬರುತ್ತದೆ. ಬಸ್ಸಿನಲ್ಲಿ ಬೆಂಗಳೂರು, ಅಲ್ಲಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ದೆಹಲಿಗೆ, ಮತ್ತೊಂದು ರೈಲಿನಲ್ಲಿ ಜಮ್ಮು ತಾವಿಗೆ.

ಆಗ ರೈಲು ಜಮ್ಮುವಿನಲ್ಲೇ ಮುಗಿಯುತ್ತಿತ್ತು. ಉಧಂಪುರಕ್ಕೆ ಹಳಿ ಬಂದದ್ದು 2005ರಲ್ಲಿ, ಕಟ್ರಾಕ್ಕೆ 2014ರಲ್ಲಿ. ಕಟ್ರಾದಿಂದ ಕಾಶ್ಮೀರ ಕಣಿವೆಗೆ ರೈಲು ಓಡಿದ್ದು 2025ರಲ್ಲಿ. ಆದ್ದರಿಂದ 1999ರ ಹುಡುಗ ಜಮ್ಮುವಿನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಸರದಿಗೆ ಕಾದು, ಸೇನೆಯ ಲಾರಿಗಳ ಸಾಲಿನಲ್ಲಿ ಬನಿಹಾಲ್ ಸುರಂಗ, ಶ್ರೀನಗರ, ಸೋನಮಾರ್ಗ್ ದಾಟಿ, 3,528 ಮೀಟರ್ ಎತ್ತರದ ಜೋಜಿ ಲಾ ಕಣಿವೆದಾರಿ ಹತ್ತಿಳಿದು ದ್ರಾಸ್ ಮುಟ್ಟುತ್ತಾನೆ.

ದಾರಿಯ ಎಲ್ಲವನ್ನೂ ಬರೆಯಲು ಹೋಗಬೇಡಿ, ಒಂದೇ ಒಂದು ಕ್ಷಣ ಆರಿಸಿ. ಹಾಸನದ ಮಾರುಕಟ್ಟೆಗೆ ಬಿತ್ತನೆ ಆಲೂಗಡ್ಡೆ ಬರುವುದು ಪಂಜಾಬಿನ ಜಲಂಧರ್‌ನಿಂದ. ಚಿಕ್ಕಂದಿನಿಂದ ಅಪ್ಪನ ಬಾಯಲ್ಲಿ, ಮಂಡಿಯವರ ಬಾಯಲ್ಲಿ ಕೇಳಿದ ಆ ಹೆಸರು ದೆಹಲಿ–ಜಮ್ಮು ದಾರಿಯಲ್ಲಿ ಹಳದಿ ಫಲಕವಾಗಿ ಎದುರಾಗುತ್ತದೆ. ರೈಲು ಎರಡು ನಿಮಿಷ ನಿಂತು ಹೊರಡಲಿ. ಅವನು ಏನು ಯೋಚಿಸಿದ ಎಂದು ಬರೆಯುವ ಅಗತ್ಯವೇ ಇಲ್ಲ.

3. ಎತ್ತರ ಅವನ ದೇಹಕ್ಕೆ ಏನು ಮಾಡುತ್ತದೆ

ನಮ್ಮ ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರ್. ದ್ರಾಸ್ ಊರು, ಅಂದರೆ ಬೆಟ್ಟಗಳ ಬುಡ, 3,200 ಮೀಟರ್‌ಗಿಂತ ಮೇಲಿದೆ. ಟೈಗರ್ ಹಿಲ್ 5,000 ಮೀಟರ್ ದಾಟುತ್ತದೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಹತ್ತಿರ. ಹುಡುಗ ಕಂಡ ಅತಿ ಎತ್ತರದ ಜಾಗ ಅಲ್ಲಿನ ಕಣಿವೆಗಿಂತ ಎಷ್ಟೋ ಕೆಳಗೆ. ಈ ಒಂದು ಮಾತು ಕಥೆಯಲ್ಲಿ ಎಲ್ಲಾದರೂ ಬರಬೇಕು.

ಎತ್ತರಕ್ಕೆ ದೇಹ ಒಗ್ಗಿಸಲು ಸೇನೆಗೆ ಕ್ರಮವಿದೆ. 9,000ದಿಂದ 12,000 ಅಡಿಯಲ್ಲಿ ಆರು ದಿನ, 15,000 ಅಡಿಯವರೆಗೆ ಮತ್ತೆ ನಾಲ್ಕು ದಿನ, ಅದಕ್ಕೂ ಮೇಲೆ ಹೋಗುವುದಾದರೆ ಇನ್ನೂ ನಾಲ್ಕು ದಿನ. ಜಮ್ಮುವಿನಿಂದ ಬಂದ ಮರುದಿನವೇ ನಿಮ್ಮ ಹುಡುಗ ಶಿಖರದಲ್ಲಿದ್ದರೆ ಒಂದೋ ಕಥೆ ತಪ್ಪು, ಇಲ್ಲವೇ ಅವನು ಕಾಯಿಲೆ ಬೀಳಬೇಕು. ಮೊದಲು ತಲೆನೋವು, ಊಟ ಸೇರದಿರುವುದು, ವಾಂತಿ, ನಿದ್ದೆ ಬಾರದ ರಾತ್ರಿ. ಕೆಲವರಿಗೆ ಎರಡು ಮೂರು ದಿನದಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಕೂತಲ್ಲೇ ಏದುಸಿರು, ಕೆಮ್ಮಿದರೆ ನಸುಗೆಂಪು ನೊರೆ. ಅವನನ್ನು ಆ ಕ್ಷಣ ಕೆಳಗಿಳಿಸದಿದ್ದರೆ ಶತ್ರುವಿನ ಒಂದು ಗುಂಡೂ ತಾಗದೆ ಸಾಯುತ್ತಾನೆ.

5,000 ಮೀಟರ್‌ನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುತ್ತದೆ. ಪ್ರೆಷರ್ ಕುಕ್ಕರ್ ಇಲ್ಲದೆ ಬೇಳೆ ಬೇಯದು. ದಾಳಿಗೆ ಹೊರಟವರ ಜೇಬಿನಲ್ಲಿರುವುದು ಪೂರಿ, ಶಕ್ಕರ್‌ಪಾರೆ, ಒಣಹಣ್ಣು. ಕೆಳಗಿನ ಲಂಗರ್‌ನಲ್ಲಾದರೆ, ಅಂದರೆ ಸೇನೆಯ ಅಡುಗೆಮನೆಯಲ್ಲಿ, ದಿನವೂ ಆಲೂ. ಬೇರೆಯವರು ಬೇಸರದಿಂದ ತಟ್ಟೆ ಸರಿಸಿದರೆ ಆಲೂಗಡ್ಡೆ ಬೆಳೆಗಾರನ ಮಗ ಅದರ ಗಾತ್ರ ನೋಡುತ್ತಾನೆ, ಸಿಪ್ಪೆ ನೋಡುತ್ತಾನೆ. ಮುದ್ದೆ, ಅವ್ವ, ಒಲೆಯ ಮುಂದಿನ ಬೆಳಕು ಎಂದು ನೆನಪು ಹರಿಸುವುದಕ್ಕಿಂತ ಈ ಒಂದು ನೋಟ ಊರನ್ನು ಚೆನ್ನಾಗಿ ತರುತ್ತದೆ.

ಬರೆಯುವ ಮೊದಲು ಒಂದು ಪ್ರಯೋಗ ಮಾಡಿ. ಬೆನ್ನಿನ ಚೀಲಕ್ಕೆ 20 ಕೆಜಿ ಅಕ್ಕಿ ತುಂಬಿ ಸಕಲೇಶಪುರದ ಮಂಜರಾಬಾದ್ ಕೋಟೆಯ ಮೆಟ್ಟಿಲು ನಿಲ್ಲದೆ ಹತ್ತಿ. ತುದಿ ಮುಟ್ಟಿದ ಕೂಡಲೇ ನಿಮ್ಮ ಪಾತ್ರದ ಮಾತನ್ನು ಗಟ್ಟಿಯಾಗಿ ಓದಿ. ಎಲ್ಲಿ ಉಸಿರು ಕಡಿಯಿತೋ ಅಲ್ಲಿ ಗುರುತು ಹಾಕಿ. ಸಾಮಾನ್ಯವಾಗಿ ನಾಲ್ಕೈದು ಪದಕ್ಕೆ ಕಡಿಯುತ್ತದೆ. ಅದು ಸಾವಿರ ಮೀಟರ್‌ಗಿಂತ ಕೆಳಗಿನ, ಗಾಳಿ ಯಥೇಚ್ಛವಾಗಿರುವ ಜಾಗ. ದ್ರಾಸ್‌ನ ಸಂಭಾಷಣೆಯಲ್ಲಿ ಒಂದು ಸಾಲಿಗೆ ಎರಡು ಮೂರು ಪದಕ್ಕಿಂತ ಹೆಚ್ಚು ಬೇಡ.

4. ರಾತ್ರಿಯ ಲೆಕ್ಕ

ಇಡೀ ಕಥೆಯ ಬೆನ್ನೆಲುಬು ಇದು. ಒಂದು ಸಂಜೆ ಪೂರ್ತಿ ಇದಕ್ಕೇ ಕೊಡಿ.

ಹಗಲಿನಲ್ಲಿ ಆ ಬೋಳು ಇಳಿಜಾರು ಹತ್ತಲಾಗದು, ಮೇಲಿರುವವನಿಗೆ ಎಲ್ಲವೂ ಕಾಣುತ್ತದೆ. ಜೂನ್‌ನಲ್ಲಿ ದ್ರಾಸ್‌ನ ಸಂಜೆ ಏಳೂವರೆ ದಾಟಿದ ಮೇಲೂ ಬೆಳಕಿರುತ್ತದೆ. ಬೆಳಗಿನ ಜಾವ ನಾಲ್ಕೂವರೆ ಹೊತ್ತಿಗೆ ಕಲ್ಲುಗಳ ಅಂಚು ಕಾಣತೊಡಗುತ್ತದೆ. ನಡುವೆ ಸಿಗುವ ಒಳ್ಳೆಯ ಕತ್ತಲೆ ಸುಮಾರು ಎಂಟು ಗಂಟೆ.

ಈಗ ಹತ್ತಿಸಿ. ಹೊರಡುವ ಜಾಗ 3,900 ಮೀಟರ್, ಗುರಿ 4,700. ಏರು 800 ಮೀಟರ್. ಚಿಕ್ಕಮಗಳೂರು ಪೇಟೆಯಿಂದ ಮುಳ್ಳಯ್ಯನಗಿರಿ ತುದಿಗೆ ಹೆಚ್ಚುಕಡಿಮೆ ಇಷ್ಟೇ ಏರು, ಅದನ್ನು ನೋಡಿದವರಿಗೆ ಅಂದಾಜು ಸಿಗುತ್ತದೆ. ಭಾರ ಹೊತ್ತು, ಕತ್ತಲಲ್ಲಿ, ಸದ್ದು ಮಾಡದೆ, ಸಡಿಲ ಕಲ್ಲಿನ ಮೇಲೆ ಗಂಟೆಗೆ 120 ಮೀಟರ್ ಏರಿದರೆ ಚೆನ್ನಾಗಿ ಏರಿದಂತೆ. ರಾತ್ರಿ 8.30ಕ್ಕೆ ಹೊರಟರೆ 6 ಗಂಟೆ 40 ನಿಮಿಷ ಬೇಕು, ಮುಟ್ಟುವುದು 3.10ಕ್ಕೆ. ಬೆಳಕಿಗೆ ಉಳಿದದ್ದು 80 ನಿಮಿಷ.

ಆ ಎಂಬತ್ತು ನಿಮಿಷದಿಂದ ಕಳೆಯುತ್ತಾ ಬನ್ನಿ. ಮುಂದಿನವನು ತಪ್ಪು ಕೊರಕಲಿಗೆ ಇಳಿದ: 40 ನಿಮಿಷ ಹೋಯಿತು. ಒಬ್ಬನಿಗೆ ವಾಂತಿ ಶುರುವಾಗಿ ಅವನ ಗುಂಡಿನ ಪೆಟ್ಟಿಗೆಯನ್ನು ಇನ್ನಿಬ್ಬರು ಹಂಚಿಕೊಂಡರು: 20 ನಿಮಿಷ. ಉಳಿದದ್ದು 20. ಮೇಲಿನಿಂದ ಬೆಳಕಿನ ಶೆಲ್ ಹಾರಿ, ಪ್ಯಾರಾಚೂಟಿನಲ್ಲಿ ತೂಗುತ್ತಾ ಇಳಿಯಿತು. ಅದು ಆರುವವರೆಗೆ ಯಾರೂ ಅಲುಗಬಾರದು. ಎತ್ತಿದ ಕಾಲು ಎತ್ತಿದ ಹಾಗೇ. ಇಂಥ ಬೆಳಕು ಐದಾರು ಸಲ ಬಂದರೆ ಇನ್ನೊಂದಷ್ಟು ಹೊತ್ತು ಹೋಯಿತು. ಬಂಕರಿಗೆ ನೂರೈವತ್ತು ಮೀಟರ್ ಇರುವಾಗ ಪೂರ್ವದಲ್ಲಿ ಬೂದು ಬಣ್ಣ. ಖಳನಾಯಕನಾಗಲಿ ದ್ರೋಹಿಯಾಗಲಿ ಬೇಕಿಲ್ಲ, ಸೂರ್ಯನೇ ಸಾಕು.

ಚಂದ್ರನನ್ನೂ ಮರೆಯಬೇಡಿ. ಆ ವರ್ಷದ ಪಂಚಾಂಗ ತೆಗೆದು ನೋಡಿ: 1999ರ ಜೂನ್ 13 ಅಮಾವಾಸ್ಯೆ, ಜೂನ್ 28 ಹುಣ್ಣಿಮೆ. ತೊಲೊಲಿಂಗ್ ಬಿದ್ದದ್ದು ಅಮಾವಾಸ್ಯೆಯ ಕತ್ತಲೆಯ ದಿನಗಳಲ್ಲಿ. ನಿಮ್ಮ ದಾಳಿಯನ್ನು ಜೂನ್ 28ಕ್ಕೆ ಇಟ್ಟರೆ ಹಿಮದ ತುಂಡುಗಳ ಮೇಲೆ ಬೆಳದಿಂಗಳು ಬಿದ್ದು ಮನುಷ್ಯರ ನೆರಳು ಕಾಣುತ್ತದೆ, ಅದರ ಬೆಲೆ ಕಥೆಯಲ್ಲಿ ತೆರಬೇಕು. ಹುಣ್ಣಿಮೆಯ ರಾತ್ರಿ ‘ಕಗ್ಗತ್ತಲು’ ಎಂದು ಬರೆದು ಸಿಕ್ಕಿಬೀಳಬೇಡಿ.

ಭಾರದ ಪಟ್ಟಿಯೂ ಬೇಕು. ರೈಫಲ್ ನಾಲ್ಕು ಕೆಜಿಗೆ ಮೇಲೆ. ಗುಂಡು, ಗ್ರೆನೇಡ್, ನೀರು, ಹೊದಿಕೆ, ರೇಡಿಯೊ ಸೆಟ್, ಅದಕ್ಕೆ ಹೆಚ್ಚುವರಿ ಬ್ಯಾಟರಿ. ಒಟ್ಟು 25 ಕೆಜಿ ಎಂದಿಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಸಾಯುತ್ತದೆ. ತಿಳಿದ ಆಪರೇಟರ್ ಹೆಚ್ಚುವರಿ ಬ್ಯಾಟರಿಯನ್ನು ಬೆನ್ನಿನ ಪಿಟ್ಠು ಚೀಲದಲ್ಲಿಡದೆ ಕೋಟಿನೊಳಗೆ ಮೈಗೆ ಒತ್ತಿಕೊಂಡು ಬರುತ್ತಾನೆ. ಇದನ್ನು ಕಥೆಯ ಆರಂಭದಲ್ಲಿ ಒಂದು ಸಾಲಿನಲ್ಲಿ ಹೇಳಿಟ್ಟರೆ ಕೊನೆಯಲ್ಲಿ ಆ ಬ್ಯಾಟರಿ ಕೆಲಸಕ್ಕೆ ಬರುತ್ತದೆ.

5. ಗುಂಡು, ಸದ್ದು, ಗ್ರೆನೇಡ್

ಇನ್ಸಾಸ್ ಮ್ಯಾಗಜಿನ್‌ನಲ್ಲಿ 20 ಗುಂಡು. ಒಂದೊಂದಾಗಿ ಹಾರಿಸಬಹುದು, ಇಲ್ಲವೇ ಒಂದು ಎಳೆತಕ್ಕೆ ಮೂರು. ಮೂರರ ಲೆಕ್ಕದಲ್ಲಿ ಏಳು ಸಲ ಎಳೆದರೆ ಮ್ಯಾಗಜಿನ್ ಖಾಲಿ. ಸಿನಿಮಾದ ಹಾಗೆ ನಿಲ್ಲದೆ ಸುರಿಯುವ ಬಂದೂಕು ಅದಲ್ಲ. ಎದುರಿನವನ ಎಕೆ ಸುರಿಯುತ್ತದೆ, ಆದರೆ ಅದರ 30 ಗುಂಡು ಮೂರು ಸೆಕೆಂಡಿಗೆ ಮುಗಿಯುತ್ತದೆ. ಆ ಮೇಲಿನ ಮೌನವನ್ನು ಬರೆಯಿರಿ, ಅವನು ಮ್ಯಾಗಜಿನ್ ಬದಲಿಸುವ ಆ ಕೆಲವು ಸೆಕೆಂಡಿನಲ್ಲೇ ನಮ್ಮವರು ಕಲ್ಲಿನಿಂದ ಕಲ್ಲಿಗೆ ಜಿಗಿಯುವುದು. ಇನ್ಸಾಸ್‌ನ ಪ್ಲಾಸ್ಟಿಕ್ ಮ್ಯಾಗಜಿನ್ ಚಳಿಗೆ ಬಿರುಕು ಬಿಟ್ಟದ್ದು, ಬಂದೂಕು ನಡುವೆ ಸಿಕ್ಕಿಕೊಂಡದ್ದು ಕಾರ್ಗಿಲ್‌ನಲ್ಲಿ ಕಂಡ ದೋಷಗಳೇ. ಬಳಸಿಕೊಳ್ಳಿ, ಆದರೆ ಒಮ್ಮೆ ಮಾತ್ರ.

ಗುಂಡು ಶಬ್ದಕ್ಕಿಂತ ವೇಗವಾಗಿ ಬರುತ್ತದೆ. ಆದ್ದರಿಂದ ಹುಡುಗನಿಗೆ ಮೊದಲು ಕೇಳುವುದು ಕಿವಿಯ ಪಕ್ಕ ಒಣ ಬಿದಿರು ಸಿಡಿದಂಥ ‘ಚಟ್’, ಅದಾದ ಮೇಲೆ ದೂರದಿಂದ ಬಂದೂಕಿನ ‘ಡಬ್’. ನಾನೂರು ಮೀಟರ್ ದೂರಕ್ಕೆ ಇವೆರಡರ ನಡುವೆ ಸುಮಾರು ಅರ್ಧ ಸೆಕೆಂಡು. ಅನುಭವ ಇದ್ದವನು ಈ ಅಂತರದಿಂದಲೇ ದೂರ ಅಳೆಯುತ್ತಾನೆ. ಹೊಸಬನಿಗೆ ಎರಡು ಬಂದೂಕು ಎಂದು ಅನಿಸುತ್ತದೆ. ‘ಚಟ್’ ಕೇಳಿದವನು ಬದುಕಿದ್ದಾನೆ, ಅವನಿಗೆ ತಾಗುವ ಗುಂಡಿನ ಸದ್ದು ಅವನಿಗೆ ಮೊದಲೇ ಕೇಳುವುದಿಲ್ಲ. ‘ಗುಂಡಿನ ಸದ್ದು ಕೇಳಿ ತಟ್ಟನೆ ತಲೆ ತಗ್ಗಿಸಿ ತಪ್ಪಿಸಿಕೊಂಡ’ ಎಂಬ ವಾಕ್ಯವಿದ್ದರೆ ಹೊಡೆದುಹಾಕಿ.

36 ನಮೂನೆಯ ಗ್ರೆನೇಡಿನ ಪಿನ್ನು ಹಲ್ಲಿನಿಂದ ಕಿತ್ತರೆ ಹಲ್ಲು ಬರುತ್ತದೆಯೇ ಹೊರತು ಪಿನ್ನಲ್ಲ. ಲಿವರ್ ಬಿಟ್ಟ ಮೇಲೆ ನಾಲ್ಕು ಸೆಕೆಂಡು. ಒಳ್ಳೆಯ ತೋಳಿನವನು ಸಮತಟ್ಟಿನಲ್ಲಿ 25–30 ಮೀಟರ್ ಎಸೆದಾನು. ದ್ರಾಸ್‌ನಲ್ಲಿ ಎಸೆಯುವುದು ಮೇಲಕ್ಕೆ, ಮಲಗಿದಲ್ಲಿಂದ, ಉಸಿರಿಲ್ಲದೆ. ಕಲ್ಲು ಪೇರಿಸಿ ಮಾಡಿದ ಸಂಗರ್‌ನ ಅಂಚಿಗೆ ತಾಗಿ ಒಳಗೆ ಬೀಳದಿದ್ದರೆ ಅದು ಇಳಿಜಾರಿನಲ್ಲಿ ಉರುಳಿ ಎಸೆದವನ ಕಡೆಗೇ ಬರುತ್ತದೆ. ಸಿಡಿದಾಗ ಬೆಂಕಿಯ ಚೆಂಡು ಏಳುವುದಿಲ್ಲ. ಮೊಂಡು ಸದ್ದು, ಬೂದು ಹೊಗೆ, ಕಲ್ಲಿನ ಚೂರು. ಬೆಟ್ಟದಲ್ಲಿ ಕಲ್ಲಿನ ಚೂರೇ ಅರ್ಧ ಗಾಯ ಮಾಡುತ್ತದೆ.

6. ರೇಡಿಯೊ ಮತ್ತು ಶೆಲ್: ಕಥೆಯ ನಡುಬಿಂದು

ಹಿಂದೆ ಹಲವು ಕಿಲೋಮೀಟರ್ ದೂರದಲ್ಲಿ ಬೋಫೋರ್ಸ್ ಫಿರಂಗಿ. 155 ಎಂಎಂ ಶೆಲ್ ಒಂದರ ತೂಕ ಸುಮಾರು 43 ಕೆಜಿ. ಮೂಡಿಗೆರೆ ಕಡೆ 50 ಕೆಜಿ ಕಾಫಿ ಮೂಟೆ ಹೊತ್ತವರಿಗೆ ಆ ತೂಕ ತೋಳಿನಲ್ಲೇ ಗೊತ್ತು. ಫಿರಂಗಿಯ ಬಳಿ ಚಿಕ್ಕಮಗಳೂರಿನ ಇನ್ನೊಬ್ಬ ಹುಡುಗನನ್ನು ಇಡಲು ಇದು ಒಳ್ಳೆಯ ಕಾರಣ.

ಕ್ರಮ ಹೀಗೆ. ಓಪಿ ಅಧಿಕಾರಿ ಮೊದಲು ಗುರಿಯ ನಕ್ಷೆಯ ಅಂಕಿ, ತಾನು ನೋಡುತ್ತಿರುವ ದಿಕ್ಕು, ಗುರಿ ಎಂಥದ್ದು ಎಂಬುದನ್ನು ಹೇಳುತ್ತಾನೆ. ಆಪರೇಟರ್ ಅದನ್ನು ಸೆಟ್‌ನಲ್ಲಿ ಹೇಳಿ, ಆ ಕಡೆಯವರು ತಿರುಗಿ ಓದಿದ್ದನ್ನು ಸರಿ ನೋಡುತ್ತಾನೆ. ಒಂದು ಶೆಲ್ ಹಾರುತ್ತದೆ. ಬೀಳಲು ಅರ್ಧ ನಿಮಿಷದ ಆಸುಪಾಸು. ಬಿದ್ದದ್ದನ್ನು ನೋಡಿ ತಿದ್ದುಪಡಿ: ‘ಆ್ಯಡ್ 200’ ಎಂದರೆ ಇನ್ನೂ 200 ಮೀಟರ್ ಮುಂದೆ, ‘ಡ್ರಾಪ್ 100’ ಎಂದರೆ ನೂರು ಹಿಂದೆ, ಜೊತೆಗೆ ‘ಲೆಫ್ಟ್’, ‘ರೈಟ್’. ಗುರಿ ಸಿಕ್ಕಮೇಲೆ ಎಲ್ಲ ಫಿರಂಗಿಗಳೂ ಒಟ್ಟಿಗೆ.

ಬೆಟ್ಟದಲ್ಲಿ ಇದು ಕೆಡುವ ಬಗೆ ಬೇರೆ. ಶತ್ರು ಇರುವುದು ಕತ್ತಿಯ ಬಾಯಿಯಂಥ ಏಣಿನ ಮೇಲೆ. ಐವತ್ತು ಮೀಟರ್ ಹೆಚ್ಚಾದರೆ ಶೆಲ್ ಏಣು ದಾಟಿ ಆಚೆ ಕಣಿವೆಗೆ, ನೂರಾರು ಮೀಟರ್ ಕೆಳಗೆ ಹೋಗಿ ಬೀಳುತ್ತದೆ. ಈ ಕಡೆಯವರಿಗೆ ಹೊಗೆಯೂ ಕಾಣದು. ಐವತ್ತು ಕಡಿಮೆಯಾದರೆ ಬೀಳುವುದು ಹತ್ತುತ್ತಿರುವ ನಮ್ಮವರ ಹತ್ತಿರ. ಗಾಳಿ ತೆಳುವಾದ್ದರಿಂದ ಶೆಲ್ ಬಯಲುಸೀಮೆಯ ಲೆಕ್ಕಕ್ಕಿಂತ ದೂರ ಹೋಗುತ್ತದೆ ಎಂಬುದು ಮತ್ತೊಂದು ತೊಡಕು. ಅರ್ಧ ನಿಮಿಷ ಕಾದು, ಏನೂ ಕಾಣದೆ, ಎಲ್ಲಿ ಬಿತ್ತೆಂದು ಗೊತ್ತಾಗದೆ, ಮತ್ತೆ ಅಂಕಿ ಹೇಳಬೇಕು.

ಈಗ ಅಧಿಕಾರಿಗೆ ಗುಂಡು ತಾಗಲಿ, ಸಹಾಯಕ ಕೆಳಗೆಲ್ಲೋ ಹಿಂದೆ ಉಳಿದಿರಲಿ. ಬೇರೆಯವರು ಹೇಳಿದ ಅಂಕಿಯನ್ನೇ ಇಷ್ಟು ದಿನ ಒಪ್ಪಿಸುತ್ತಿದ್ದ ಹುಡುಗ ಇವತ್ತು ತಾನೇ ನೋಡಿ ಹೇಳಬೇಕು. ಸೆಟ್‌ನಲ್ಲಿ ಅವನು ಹೇಳುವುದು ಇಂಗ್ಲಿಷಿನ ಪದ, ಹಿಂದಿಯ ದನಿ. ಆದರೆ ಶೆಲ್ ಬೀಳುವವರೆಗಿನ ಸೆಕೆಂಡುಗಳನ್ನು ಅವನು ಎಣಿಸುವುದು ಕನ್ನಡದಲ್ಲೇ, ಒಂದು, ಎರಡು, ಮೂರು ಎಂದು, ಆಲೂಗಡ್ಡೆ ಮೂಟೆ ಎಣಿಸಿದ ಹಾಗೆ. ಮನುಷ್ಯ ಎಷ್ಟು ಭಾಷೆ ಕಲಿತರೂ ಎಣಿಸುವುದು, ದೇವರನ್ನು ಕರೆಯುವುದು ತಾಯ್ನುಡಿಯಲ್ಲಿ. ಕಥೆ ಕನ್ನಡದ್ದಾಗುವುದು ಈ ಜಾಗದಲ್ಲಿ.

7. ಮಾತು

ಪಲ್ಟನ್‌ನಲ್ಲಿ ಹಿಂದಿ. ಅದನ್ನು ಪೂರ್ತಿ ಹಿಂದಿಯಲ್ಲೇ ಬರೆದರೆ ಓದುಗ ಹೊರಗುಳಿಯುತ್ತಾನೆ, ಪೂರ್ತಿ ಗ್ರಂಥಸ್ಥ ಕನ್ನಡಕ್ಕಿಳಿಸಿದರೆ ಎಲ್ಲರೂ ಹಾಸನದವರಾಗುತ್ತಾರೆ. ಒಂದು ಉಪಾಯವಿದೆ. ಹಿಂದಿಯಲ್ಲಿ ನಡೆದ ಮಾತನ್ನು ಚಿಕ್ಕ, ಸಪ್ಪೆ, ಪ್ರಾದೇಶಿಕ ಬಣ್ಣವಿಲ್ಲದ ಕನ್ನಡದಲ್ಲಿ ಕೊಡಿ. ‘ಸಾಬ್’, ‘ಉಸ್ತಾದ್’, ‘ಮೋರ್ಚಾ’, ‘ಲಂಗರ್’ ಹಾಗೇ ಇರಲಿ. ನಿಜವಾಗಿ ಕನ್ನಡದಲ್ಲಿ ನಡೆದ ಮಾತಿಗೆ ಮಾತ್ರ ಊರಿನ ನುಡಿ ತೆರೆಯಿರಿ. ಆಲೂರಿನವನು ‘ಏನ್ಲಾ, ಉಂಡ್ಯೇನ್ಲಾ’ ಎಂದರೆ ಕೊಪ್ಪದವನು ‘ಎಂತ ಮಾರಾಯ, ಊಟ ಆಯ್ತಾ’ ಎನ್ನುತ್ತಾನೆ. ಇಬ್ಬರೂ ಸಿಕ್ಕಾಗ ಪುಟದ ಬಿಸಿಯೇ ಬದಲಾಗಬೇಕು.

8. ಭಯ ಮತ್ತು ಗಾಯ

‘ಅವನಿಗೆ ಭಯವಾಯಿತು’ ಎಂದು ಬರೆಯಬೇಡಿ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತದೆ. ಬೆರಳು ಮಾತು ಕೇಳುವುದಿಲ್ಲ. ದಿನವೂ ಮಾಡುವ ಬ್ಯಾಟರಿ ಬದಲಿಸುವ ಕೆಲಸ ಆಗುವುದಿಲ್ಲ. ಪಕ್ಕದ ಬಂದೂಕಿನ ಸದ್ದು ಕೇಳದೆ ತನ್ನ ಉಸಿರು ಮಾತ್ರ ಕೇಳುತ್ತದೆ. ನೋಟ ಕಿರಿದಾಗಿ ಎದುರಿನ ಒಂದು ಕಲ್ಲು ಮಾತ್ರ ಕಾಣುತ್ತದೆ. ಕೆಲವರಿಗೆ ಮೂತ್ರ ಹೋಗುತ್ತದೆ, ಅದು ಹೇಡಿತನವಲ್ಲ, ದೇಹದ ಕೆಲಸ. ನಡುಕ ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ ಬರುತ್ತದೆ, ಬೀಡಿ ಹಚ್ಚಲೂ ಆಗದಷ್ಟು. ಹುಡುಗನಿಗೆ ಕಾಣುವುದು ಸುತ್ತಲಿನ ಮೂವತ್ತು ಮೀಟರ್. ದಾಳಿ ಗೆದ್ದಿತೋ ಸೋತಿತೋ ಅವನಿಗೆ ಬೆಳಗಿನವರೆಗೂ ಗೊತ್ತಾಗದಿರಬಹುದು. ಆ ವೃತ್ತದಾಚೆ ನಿಮ್ಮ ಲೇಖನಿಯೂ ಹೋಗಬಾರದು.

ಗಾಯವನ್ನು ಅಂಗದ ಲೆಕ್ಕದಲ್ಲಿ ಬರೆಯಿರಿ. ತೊಡೆಯ ದೊಡ್ಡ ರಕ್ತನಾಳ ಹರಿದರೆ ಕೆಲವೇ ನಿಮಿಷ. ಮೊದಲ ಒಂದೆರಡು ನಿಮಿಷಕ್ಕೇ ಕಣ್ಣು ಮಸುಕು. ಎದೆಗೆ ತಾಗಿದವನಿಗೆ ಮಾತಾಡಲು ಗಾಳಿಯೇ ಇರುವುದಿಲ್ಲ, ಅವನ ಬಾಯಲ್ಲಿ ಕೊನೆಯ ಸಂದೇಶ ಇಡಬೇಡಿ. ಹೊಟ್ಟೆಗೆ ತಾಗಿದವನು ಗಂಟೆಗಟ್ಟಲೆ ಬದುಕಿರಬಹುದು, ನೀರು ಕೇಳುತ್ತಾನೆ, ಕೊಡಬಾರದು. ರಕ್ತ ಹೋದವರಿಗೆಲ್ಲ ಬಾಯಾರಿಕೆ, ಚಳಿ. ಜೇಬಿನಲ್ಲಿರುವ ಫೀಲ್ಡ್ ಡ್ರೆಸ್ಸಿಂಗ್ ಒಂದು. ಅದು ಗಾಯಗೊಂಡವನ ಜೇಬಿನದ್ದನ್ನೇ ತೆಗೆದು ಕಟ್ಟುವುದು, ತನ್ನದು ತನಗೆ ಬೇಕಾಗುತ್ತದೆ. ಈ ಸಣ್ಣ ನಿಯಮ ಪಾಲಿಸುವುದೋ ಮುರಿಯುವುದೋ ಎಂಬಲ್ಲೇ ಎರಡು ಪಾತ್ರಗಳ ನಂಟು ಗೊತ್ತಾಗುತ್ತದೆ. ಸ್ಟ್ರೆಚರ್ ಹೊರಲು ಕನಿಷ್ಠ ನಾಲ್ಕು ಜನ, ಆ ಇಳಿಜಾರಿನಲ್ಲಿ ಸರದಿಗೆ ಎಂಟು. ಒಬ್ಬ ಬಿದ್ದರೆ ಸೆಕ್ಷನ್ನೇ ಕರಗುತ್ತದೆ. ಹೆಲಿಕಾಪ್ಟರ್ ಸಿಗುವುದು ಕೆಳಗೆ, ಹಲವು ಗಂಟೆಗಳ ಇಳಿತದ ಆಮೇಲೆ.

ಎದುರಿನವನೂ ಮನುಷ್ಯನೇ. ಅಲ್ಲಿ ಹೆಚ್ಚಾಗಿದ್ದವರು ಪಾಕಿಸ್ತಾನದ ನಾರ್ದರ್ನ್ ಲೈಟ್ ಇನ್‌ಫೆಂಟ್ರಿಯವರು, ಗಿಲ್ಗಿಟ್, ಬಾಲ್ಟಿಸ್ತಾನದ ಬೆಟ್ಟದ ಹುಡುಗರು. ಅವರ ದೇಶ ಒಪ್ಪಿಕೊಳ್ಳದ ಹಲವು ದೇಹಗಳನ್ನು ಭಾರತೀಯ ಸೈನಿಕರೇ ಇಸ್ಲಾಂ ವಿಧಿಯಂತೆ ಅಲ್ಲೇ ಮಣ್ಣು ಮಾಡಿದರು. ಸತ್ತವನ ಪರ್ಸಿನಲ್ಲಿ ಮಗುವಿನ ಫೋಟೋ ಸಿಗುವ ದೃಶ್ಯ ಸವೆದು ಹೋಗಿದೆ. ಅವನ ಸಂಗರ್‌ನಲ್ಲಿ ಅರ್ಧ ತಿಂದ ರೊಟ್ಟಿ ಸಿಗಲಿ.

9. ಮನೆಯ ಕಾಗದ

1999ರಲ್ಲಿ ಜಮ್ಮು ಕಾಶ್ಮೀರದಲ್ಲಿ ಮೊಬೈಲ್ ಇರಲಿಲ್ಲ, ಅಲ್ಲಿ ಸೇವೆ ಶುರುವಾದದ್ದು 2003ರಲ್ಲಿ. ಇದ್ದದ್ದು ಕಾಗದ, ಮತ್ತು ಪಕ್ಕದ ಮನೆಯವರು ಕರೆದು ಕೊಡುವ ಪಿ.ಪಿ. ಫೋನ್ ನಂಬರ್. ವಿಳಾಸದಲ್ಲಿ ಊರೇ ಇರುವುದಿಲ್ಲ. ಸಂಖ್ಯೆ, ಹುದ್ದೆ, ಹೆಸರು, ದಳ, ಕೊನೆಗೆ ‘ಕೇರಾಫ್ 56 ಎಪಿಒ’ ಎಂಬ ಸೇನಾ ಅಂಚೆ ಕಚೇರಿಯ ಸಂಖ್ಯೆ. ಮಗ ಎಲ್ಲಿದ್ದಾನೆಂದು ಅವ್ವನಿಗೆ ಗೊತ್ತಾಗುವುದು ದೂರದರ್ಶನದ ವಾರ್ತೆಯಿಂದ, ಅದೂ ಊಹೆ.

ಕಾಗದದ ಒಕ್ಕಣೆ ಸಿದ್ಧವಾಗಿಯೇ ಇದೆ: ‘ಮಾತೃಶ್ರೀಯವರಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.’ ಆಮೇಲೆ ‘ಇಲ್ಲಿ ಸ್ವಲ್ಪ ಚಳಿ. ಆಲೂಗಡ್ಡೆಗೆ ಅಂಗಮಾರಿ ಬಂದರೆ ಔಷಧಿ ಹೊಡೆಸಿ, ದುಡ್ಡು ಮನಿಆರ್ಡರ್ ಮಾಡುತ್ತೇನೆ.’ ಹಿಂದಿನ ರಾತ್ರಿ ಏನಾಯಿತೆಂದು ಓದುಗನಿಗೆ ಗೊತ್ತಿದೆ, ಕಾಗದದಲ್ಲಿ ಅದರ ಸುಳಿವಿಲ್ಲ. ಒಂದೇ ಕಾಗದ ಸಾಕು. ಸತ್ತಮೇಲೆ ಬಂದು ಮುಟ್ಟುವ ಕಾಗದದ ಉಪಾಯ ಬೇಡ, ಅದನ್ನು ಓದುಗ ಎರಡು ಪುಟ ಮೊದಲೇ ಊಹಿಸುತ್ತಾನೆ.

10. ಹಿಂತಿರುಗಿದ ಮೇಲೆ

ಬದುಕಿ ಬಂದವನ ಕಥೆ ಹೆಚ್ಚು ಕಷ್ಟ, ಹೆಚ್ಚು ಬೇಕಾದದ್ದೂ ಅದೇ. ಊರಿನಲ್ಲಿ ಅವನ ಹೆಸರಿಗೆ ‘ಮಿಲ್ಟ್ರಿ’ ಸೇರಿಕೊಂಡಿರುತ್ತದೆ. ಎಷ್ಟು ಜನರನ್ನು ಹೊಡೆದೆ ಎಂದು ಅಂಗಡಿ ಕಟ್ಟೆಯಲ್ಲಿ ಕೇಳುತ್ತಾರೆ. ಆಲೂರು, ಸಕಲೇಶಪುರದ ಕಡೆ ರಾತ್ರಿ ಆನೆ ತೋಟಕ್ಕಿಳಿದರೆ ಪಟಾಕಿ ಸಿಡಿಸಿ ಓಡಿಸುತ್ತಾರೆ. ಆ ಸದ್ದಿಗೆ ಅವನು ಎದ್ದು ಗೋಡೆ ಬುಡದಲ್ಲಿ ಮಲಗಿರುವುದನ್ನು ತಂಗಿ ನೋಡಲಿ. ಬೆಳಗ್ಗೆ ಇಬ್ಬರೂ ಅದರ ಮಾತೆತ್ತದೆ ಕಾಫಿ ಕುಡಿಯಲಿ.

11. ತಿಳಿದವರಿಗೆ ತೋರಿಸಿ

ಕರಡು ಮುಗಿದ ಮೇಲೆ ಊರಿನ ಮಾಜಿ ಸೈನಿಕರೊಬ್ಬರಿಗೆ ಓದಿ ಹೇಳಿ. ಜಿಲ್ಲೆಯ ಮಾಜಿ ಸೈನಿಕರ ಸಂಘ, ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿದರೆ ಯಾರಾದರೂ ಸಿಗುತ್ತಾರೆ. ಈಗಲೂ ಸೇವೆಯಲ್ಲಿರುವವರನ್ನು ಪೀಡಿಸಬೇಡಿ, ಅವರು ಹೇಳುವಂತಿಲ್ಲ. ಎಷ್ಟು ಕೊಂದಿರಿ, ಹೆದರಿಕೆ ಆಯಿತೇ ಎಂದು ಕೇಳಿದರೆ ಬಾಗಿಲು ಮುಚ್ಚುತ್ತದೆ. ಯಾವ ಜೇಬಿನಲ್ಲಿ ಏನಿತ್ತು, ಕಾಲುಚೀಲ ಹೇಗೆ ಒಣಗಿಸುತ್ತಿದ್ದಿರಿ, ನಿದ್ದೆ ಎಲ್ಲಿ ಮಾಡಿದಿರಿ ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳಿದರೆ ಕೇಳಿಸಿಕೊಳ್ಳಿ. ನಡುವೆ ಅವರು ಸುಮ್ಮನಾದರೆ ನೀವೂ ಸುಮ್ಮನಿರಿ. ಅವರ ಹೆಸರು, ಅವರ ಗೆಳೆಯನ ಸಾವು ಅನುಮತಿಯಿಲ್ಲದೆ ಕಥೆಗೆ ಬರಬಾರದು.

ಆಮೇಲೆ ಕರಡಿನ ಅಂಚಿನಲ್ಲಿ ಪ್ರತಿ ದೃಶ್ಯದ ಪಕ್ಕ ಪೆನ್ಸಿಲಿನಲ್ಲಿ ನಾಲ್ಕು ಅಂಕಿ ಬರೆಯಿರಿ: ಗಂಟೆ ಎಷ್ಟು, ಎತ್ತರ ಎಷ್ಟು, ಗುಂಡು ಎಷ್ಟು ಉಳಿದಿದೆ, ನೀರು ಎಷ್ಟು ಉಳಿದಿದೆ. ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗ ಗುಂಡು ಹೆಚ್ಚಾಗಿದ್ದರೆ, ಗಂಟೆ ಹಿಂದೆ ಹೋಗಿದ್ದರೆ, ಖಾಲಿಯಾದ ನೀರಿನ ಬಾಟಲಿಯಿಂದ ಯಾರೋ ಕುಡಿದಿದ್ದರೆ ಅಲ್ಲಿ ತಿದ್ದಿ. ನಾಲ್ಕೂ ಸರಿಹೋದ ಮೇಲೆ ಪೆನ್ಸಿಲ್ ಗುರುತು ಅಳಿಸಿ ಪ್ರತಿ ಮಾಡಿ.